ದೇವರ ಭಯವಿಲ್ಲದಿದ್ದರೆ ನೀತಿ ನಿಲ್ಲುತ್ತದಾ? ಮತ್ತೆ ಮತ್ತೆ ಕೇಳುವವರಿಗೆ ನನ್ನ ಉತ್ತರ

ನಾನು ಕಾನೂನು ಪಾಠ ಮಾಡುತ್ತೇನೆ. ದೇವರನ್ನು ನಂಬುವುದಿಲ್ಲ. ಈ ಎರಡೂ ಗೊತ್ತಾದ ಕೂಡಲೇ ಎದುರಿಗಿರುವವರು ಕೇಳಿಯೇ ಕೇಳುತ್ತಾರೆ: "ಕಾನೂನು, ನೀತಿ ಎಲ್ಲಾ ಧರ್ಮದಿಂದಲೇ ಬಂದಿದ್ದಲ್ವಾ? ಧರ್ಮ ತೆಗೆದ್ರೆ ಏನು ಉಳಿಯುತ್ತೆ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಪ್ರಶ್ನೆ ಒಳ್ಳೆಯದೇ. ನನಗೆ ಸಿಟ್ಟು ಬರುವುದು ಅದರ ಬೆನ್ನಿಗೇ ಬರುವ ಮಾತಿಗೆ: "ದೇವರಿಲ್ಲ ಅಂದ್ಮೇಲೆ ನಿಮ್ಮನ್ನು ತಡೆಯೋದು ಏನು?" ಅಂದರೆ ಕದಿಯಲು, ಮೋಸ ಮಾಡಲು, ಯಾರದೋ ತಲೆ ಒಡೆಯಲು ನಾನು ತುದಿಗಾಲಲ್ಲಿ ನಿಂತಿದ್ದೇನೆ ಅಂತ ಅವರ ಲೆಕ್ಕ. ನಗುನಗುತ್ತಾ ಕೇಳಿದರೂ ಇದು ಅವಮಾನವೇ. ಕೇಳುವವರಿಗೂ ಅವಮಾನ. ನಾಳೆ ಬೆಳಿಗ್ಗೆ ದೇವರಿಲ್ಲ ಅಂತ ನಿಮಗೆ ಖಾತ್ರಿಯಾಯಿತು ಅಂದುಕೊಳ್ಳಿ. ಪಕ್ಕದ ಮನೆಯ ಮಗುವಿಗೆ ಹೊಡೆಯುತ್ತೀರಾ? ಇಲ್ಲ ತಾನೆ? ನಿಮ್ಮನ್ನು ಯಾವುದು ತಡೆಯಿತೋ ನನ್ನನ್ನೂ ಅದೇ ತಡೆಯುತ್ತದೆ.

ಈ ಅನುಮಾನ ಇವತ್ತಿನದಲ್ಲ. ಧರ್ಮದ ವಿಷಯದಲ್ಲಿ ಸಹನೆ ಇರಲಿ ಅಂತ 1689ರಲ್ಲಿ ವಾದಿಸಿದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಕೂಡ ನಾಸ್ತಿಕರನ್ನು ಹೊರಗಿಟ್ಟರು. ಅವರ ಮಾತಿಗೂ ಆಣೆಗೂ ಬೆಲೆಯಿಲ್ಲ ಅಂದರು. 1880ರಲ್ಲಿ ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕ ಬ್ರಿಟನ್ನಿನ ಸಂಸತ್ತಿಗೆ ಆಯ್ಕೆಯಾದಾಗ, ಪ್ರಮಾಣವಚನದ ನೆಪದಲ್ಲಿ ಸದನ ಅವರನ್ನು ಸುಮಾರು ಆರು ವರ್ಷ ಸತಾಯಿಸಿತು. ಮತದಾರರು ಮಾತ್ರ ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿ ಕಳಿಸಿದರು. ಕೊನೆಗೆ 1888ರಲ್ಲಿ ಕಾನೂನೇ ಬದಲಾಯಿತು. ದೇವರ ಹೆಸರೆತ್ತದೆ ಮಾತು ಕೊಟ್ಟರೂ ಸಾಕು ಅಂತಾಯಿತು.

ಈ ಪ್ರಶ್ನೆಯನ್ನು ನನಗೆ ಅತಿ ಹೆಚ್ಚು ಸಲ ಕೇಳಿರುವುದು ನನ್ನ ಒಬ್ಬ ಗೆಳೆಯ. ತೋರಿಕೆಯಿಲ್ಲದ ದೈವಭಕ್ತ. ಅವನು ತನ್ನ ಹಳೇ ಬೈಕ್ ಮಾರುವಾಗ ನಾನು ಅಲ್ಲೇ ಇದ್ದೆ. ಕೊಳ್ಳಲು ಬಂದವರು ಎಂಜಿನ್ ಸದ್ದು ಕೇಳಿ, ಟೈರು ಒತ್ತಿ ನೋಡಿ, ಒಪ್ಪಿ ದುಡ್ಡು ಎಣಿಸುತ್ತಿದ್ದರು. ಜೊತೆಗೆ ಬಂದ ಪುಟ್ಟ ಮಗಳು ಆಗಲೇ ಸೀಟು ಹತ್ತಿ ಕೂತು ಹಾರ್ನ್ ಒತ್ತುತ್ತಿದ್ದಳು. ಗೆಳೆಯ ಅವಳನ್ನೇ ನೋಡುತ್ತಿದ್ದವನು, "ಸ್ವಲ್ಪ ತಡೀರಿ. ಹಿಂದಿನ ಬ್ರೇಕ್ ಒಂದೊಂದ್ಸಲ ಹಿಡಿಯಲ್ಲ. ರಿಪೇರಿ ಖರ್ಚು ಮುರ್ಕೊಂಡು ಕೊಡಿ, ಮೊದ್ಲು ಅದನ್ನ ಸರಿಮಾಡಿಸಿ" ಅಂದ. ಅವರು ಹೋದ ಮೇಲೆ ಯಾಕೆ ಹೇಳಿದೆ ಅಂತ ಕೇಳಿದೆ. "ಅಲ್ಲ ಕಣೋ, ಮಗೂನ ಕೂರಿಸ್ಕೊಂಡು ಹೋಗ್ತಾರಲ್ಲ!" ಅಂದ. ಅಷ್ಟೇ. ಪಾಪ, ಪುಣ್ಯ, ಸ್ವರ್ಗ, ನರಕ ಒಂದೂ ಬಾಯಿಗೆ ಬರಲಿಲ್ಲ. ವರ್ಷಗಟ್ಟಲೆ ಮಾಡಿದ ಪ್ರಾರ್ಥನೆ ಅವನ ಮನಸ್ಸನ್ನು ಮೆತ್ತಗೆ ಮಾಡಿರಬಹುದು. ಅದನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ. ಆದರೆ ಅವನು ಕೊಟ್ಟ ಕಾರಣ ಅರ್ಥವಾಗಲು ನನಗೆ ಅವನ ದೇವರು ಬೇಕಾಗಲಿಲ್ಲ.

ಇನ್ನು "ಧರ್ಮದಿಂದಲೇ ಬಂದಿದ್ದಲ್ವಾ" ಅನ್ನುವ ಮಾತು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಎರಡು ಮೀಟರಿಗಿಂತ ಎತ್ತರದ ಒಂದು ಕಪ್ಪು ಕಲ್ಲಿದೆ. ಸುಮಾರು 3,750 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕೆತ್ತಿಸಿದ ಕಾನೂನು ಅದು. ಮೇಲ್ಗಡೆ ಸೂರ್ಯದೇವ ಶಮಾಶ್ ಕೂತಿದ್ದಾನೆ, ದೊರೆ ಎದುರಿಗೆ ನಿಂತಿದ್ದಾನೆ. ನೋಡಿದ್ರಾ, ಕಾನೂನು ದೇವರಿಂದಲೇ ಬಂತು ಅನ್ನುತ್ತಾರೆ. ಕಣ್ಣನ್ನು ಸ್ವಲ್ಪ ಕೆಳಗಿಳಿಸಿ. ಒಬ್ಬ ಸೋಮಾರಿತನದಿಂದ ತನ್ನ ನೀರಿನ ಏರಿಯನ್ನು ಭದ್ರಮಾಡದೆ ಬಿಟ್ಟು, ಅದು ಒಡೆದು ಬೇರೆಯವರ ಹೊಲಕ್ಕೆ ನೀರು ನುಗ್ಗಿದರೆ, ಹಾಳಾದ ಧಾನ್ಯವನ್ನು ಅವನೇ ತುಂಬಿಕೊಡಬೇಕು. ಬಾಡಿಗೆಗೆ ತಂದ ಎತ್ತಿನ ಕಣ್ಣು ಹೋದರೆ ಅರ್ಧ ಬೆಲೆ ಕೊಡಬೇಕು. ಇವು ನಾಲೆ ಪಕ್ಕದಲ್ಲಿ ಬೇಸಾಯ ಮಾಡಿದವರ ಜಗಳಗಳು. ಜಗಳ ಆಡಿ, ಸೋತು, ರಾಜಿಯಾಗಿ ಜನ ಕಂಡುಕೊಂಡ ದಾರಿಗಳು. ದೇವರು ಅವಕ್ಕೆ ಮುದ್ರೆ ಒತ್ತಿದ.

ಅದೇ ಕಲ್ಲಿನಲ್ಲಿ ಇನ್ನೊಂದಿದೆ. ಕಟ್ಟಿದ ಮನೆ ಕುಸಿದು ಯಜಮಾನನ ಮಗ ಸತ್ತರೆ, ಕಟ್ಟಿದವನ ಮಗನನ್ನು ಕೊಲ್ಲಬೇಕು. ಮುದ್ರೆ ಅದೇ ದೇವರದ್ದು. ಏರಿಯ ಕಾನೂನು ನ್ಯಾಯ, ಮಗನದ್ದು ಘೋರ ಅಂತ ಇವತ್ತು ಯಾರಿಗೂ ಹೇಳಿಕೊಡಬೇಕಿಲ್ಲ. ಆ ಹುಡುಗ ಏನು ತಪ್ಪು ಮಾಡಿದ್ದ ಅಂತ ಕೇಳಿಕೊಂಡರೆ ಸಾಕು, ತೀರ್ಮಾನವಾಗುತ್ತದೆ. ಮುದ್ರೆ ನೋಡಿ ಅದು ತೀರ್ಮಾನವಾಗುವುದಿಲ್ಲ.

"ಅದು ಹಳೇ ಕಾಲದ ದೇವರು, ನಮ್ದು ಹಾಗಲ್ಲ" ಅನ್ನುವವರಿಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ಕೆಲವು ಕ್ವೇಕರ್ ಕ್ರೈಸ್ತರು ಗುಲಾಮಗಿರಿ ತಪ್ಪು ಅಂತ ಮನವಿ ಬರೆದರು. ನಿಮಗೇ ಹೀಗೆ ಮಾಡಿದರೆ ಒಪ್ಪುತ್ತೀರಾ ಅನ್ನುವುದು ಅವರ ವಾದ. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆ ಧೈರ್ಯ ಅವರ ನಂಬಿಕೆಯಿಂದಲೇ ಬಂದಿತ್ತು. ಆದರೆ 1845ರಲ್ಲಿ ಅದೇ ಅಮೆರಿಕದಲ್ಲಿ, ಗುಲಾಮರ ಒಡೆಯರು ಧರ್ಮಪ್ರಚಾರಕರಾಗಬಹುದೇ ಅನ್ನುವ ಜಗಳದಲ್ಲಿ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದವರು ಒಡೆದು, ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಹುಟ್ಟಿತು. ಗುಲಾಮಗಿರಿಯ ಪರ ನಿಂತವರೂ ಧರ್ಮಗ್ರಂಥವನ್ನೇ ಓದಿ ಹೇಳುತ್ತಿದ್ದರು. 1995ರಲ್ಲಿ ಆ ಸಂಸ್ಥೆ ಕ್ಷಮೆ ಕೇಳಿತು. ಈ 150 ವರ್ಷಗಳಲ್ಲಿ ಗ್ರಂಥದ ಒಂದಕ್ಷರವೂ ಬದಲಾಗಿರಲಿಲ್ಲ. ಯಾರ ಕೂಗು ಕಿವಿಗೆ ಬೀಳುತ್ತದೆ ಅನ್ನುವುದು ಬದಲಾಗಿತ್ತು.

ಇಷ್ಟು ಹೇಳಿದಾಗ ಯಾರಾದರೂ ಸೋವಿಯತ್ ಒಕ್ಕೂಟವನ್ನು ಆಳಿದ ನಾಸ್ತಿಕ ಸ್ಟಾಲಿನ್ ಹೆಸರು ತೆಗೆಯುತ್ತಾರೆ. ಸರಿಯಾಗಿಯೇ ತೆಗೆಯುತ್ತಾರೆ. ದೇವರನ್ನು ಓಡಿಸಿದ ಮಾತ್ರಕ್ಕೆ ಆಳುವವರು ಒಳ್ಳೆಯವರಾಗುವುದಿಲ್ಲ. ಅಲ್ಲಿ "ಯಾಕೆ?" ಅಂತ ಕೇಳಿದವರು ಬದುಕಿ ಉಳಿಯುವುದೇ ಕಷ್ಟವಾಗಿತ್ತು. ನನಗೆ ಹೆದರಿಕೆ ಇರುವುದು ಅದರ ಬಗ್ಗೆ, ಅದು ದೇವರ ಹೆಸರಲ್ಲಿ ಬಂದರೂ, ಪಕ್ಷದ ಹೆಸರಲ್ಲಿ ಬಂದರೂ.

ನಿಜ ಹೇಳಬೇಕೆಂದರೆ ನನಗೆ ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಅಂತ ಆಸೆ. ನೀತಿ ಎಲ್ಲಿಂದ ಬಂತು ಅನ್ನುವುದು ಇರಲಿ, ಒಬ್ಬರ ನಂಬಿಕೆ ಇನ್ನೊಬ್ಬರಿಗಿಲ್ಲದ ಜನ ಒಂದೇ ಕಾನೂನಿನ ಕೆಳಗೆ ಬಾಳುವುದು ಹೇಗೆ? 1948ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬರೆಯುವಾಗ ಇದೇ ತಲೆನೋವಿತ್ತು. ಮನುಷ್ಯ ದೇವರ ಪ್ರತಿರೂಪ ಅಂತ ಸೇರಿಸಿ ಅಂದರು ಬ್ರೆಜಿಲ್‌ನವರು. ಚೀನಾದ ಪ್ರತಿನಿಧಿ ಒಪ್ಪಲಿಲ್ಲ. ವಿವೇಕ, ಅಂತಃಸಾಕ್ಷಿ ಪ್ರಕೃತಿಯಿಂದ ಬಂದವು ಅಂತ ಕರಡಿನಲ್ಲಿತ್ತು. ಕೊನೆಗೆ ದೇವರನ್ನೂ ಸೇರಿಸಲಿಲ್ಲ, ಪ್ರಕೃತಿಯನ್ನೂ ಉಳಿಸಲಿಲ್ಲ. ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಘನತೆಯಲ್ಲೂ ಹಕ್ಕಿನಲ್ಲೂ ಸಮಾನರು ಅಂತ ಬರೆದು, ಕಾರಣವನ್ನು ಅವರವರಿಗೆ ಬಿಟ್ಟರು. 48 ದೇಶಗಳು ಪರವಾಗಿ ಮತ ಹಾಕಿದವು, 8 ದೂರ ಉಳಿದವು, ವಿರುದ್ಧ ಒಂದೂ ಇಲ್ಲ. ಇದನ್ನು ಕೆಲವರು ಜಾರಿಕೊಂಡರು ಅನ್ನುತ್ತಾರೆ. ನನಗೆ ಇದು ಮನುಷ್ಯರು ಸೇರಿ ಮಾಡಿದ ಅತಿ ದೊಡ್ಡ ಕೆಲಸಗಳಲ್ಲಿ ಒಂದು.

ವಾರದ ರಜೆಯನ್ನೇ ನೋಡಿ. ಕ್ರಿ.ಶ. 321ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್, ಪೂಜ್ಯವಾದ ಸೂರ್ಯನ ದಿನ ಅಂತ ಭಾನುವಾರ ರಜೆ ಕೊಟ್ಟ. ಹುಟ್ಟು ಧರ್ಮದ್ದೇ, ತಕರಾರಿಲ್ಲ. 1961ರ ಮೇ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಭಾನುವಾರ ಅಂಗಡಿ ಮುಚ್ಚಿಸುವ ಕಾನೂನನ್ನು ಎತ್ತಿಹಿಡಿಯಿತು. ಆದರೆ ಕೊಟ್ಟ ಕಾರಣ ಬೇರೆ: ಎಲ್ಲರಿಗೂ ಒಂದೇ ದಿನ ವಿಶ್ರಾಂತಿ ಸಿಗಲಿ. ಈ ಕಾರಣ ನಾಸ್ತಿಕನಿಗೂ ಮುಟ್ಟುತ್ತದೆ.

ಯಹೂದಿ ಅಂಗಡಿಯವರ ಕಷ್ಟ ಮಾತ್ರ ಹಾಗೇ ಉಳಿಯಿತು. ಫಿಲಡೆಲ್ಫಿಯಾದ ಸಂಪ್ರದಾಯಸ್ಥ ಯಹೂದಿ ವ್ಯಾಪಾರಿಗಳು ಶನಿವಾರ ತಮ್ಮ ಧರ್ಮಕ್ಕಾಗಿ ಅಂಗಡಿ ಮುಚ್ಚುತ್ತಿದ್ದರು. ಭಾನುವಾರ ಕಾನೂನಿಗಾಗಿ ಮುಚ್ಚಬೇಕಿತ್ತು. ವಾರಕ್ಕೆ ಎರಡು ದಿನದ ವ್ಯಾಪಾರ ಹೋಯಿತು ಅಂತ ಕೋರ್ಟಿಗೆ ಹೋದರು. ಅದೇ ದಿನ, ಅದೇ ಕೋರ್ಟಿನಲ್ಲಿ ಸೋತರು. ನನ್ನ ಪ್ರಕಾರ ಆ ತೀರ್ಪು ತಪ್ಪು. ಎಲ್ಲರಿಗೂ ಒಪ್ಪುವ ಕಾರಣ ಕೊಟ್ಟ ಮೇಲೂ ಭಾರವೆಲ್ಲ ಒಂದು ಗುಂಪಿನ ಹೆಗಲಿಗೇ ಬಿದ್ದರೆ, ಅವರಿಗೆ ವಿನಾಯಿತಿ ಕೊಡುವುದು ಕಾನೂನಿನ ಕರ್ತವ್ಯ. ಹಾಗೆ ವಿನಾಯಿತಿ ಕೊಡುತ್ತಾ ಹೋದರೆ ಎಲ್ಲಿ ನಿಲ್ಲಿಸಬೇಕು? ಇದನ್ನು ಕೇಳಿ. ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.