ಪಟ್ಟಿ ತುಂಡಾಗಿತ್ತು, ಬೀಗ ಬಿಟ್ಟಿರಲಿಲ್ಲ

ಕಳೆದ ಮೇ ತಿಂಗಳಲ್ಲಿ, ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ, ತುಮಕೂರಿನ ಕ್ಯಾತ್ಸಂದ್ರದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ ಅವರ ಮನೆಯ ಸೋಲಾರ್ ಇನ್ವರ್ಟರ್ ಕೆಂಪು ದೀಪ ತೋರಿಸಿ ನಿಂತುಹೋಗಿದೆ ಎಂದು ಹೇಳಿದರು. ಆ ಮನೆಯ ತಾರಸಿಯ ಮೇಲೆ 2019ರಲ್ಲಿ ಪ್ಯಾನೆಲ್ ಕೂರಿಸಿದವನು ನಾನೇ. ಹೋಗಿ ಪ್ಯಾನೆಲ್‌ಗಳ ಅಡಿಗೆ ಬಗ್ಗಿ ನೋಡಿದಾಗ, ಕೇಬಲ್ ಟೈ ಎಂಬ ಪ್ಲಾಸ್ಟಿಕ್ ಪಟ್ಟಿಗಳಿಂದ ಚೌಕಟ್ಟಿಗೆ ಬಿಗಿದಿದ್ದ ಕೇಬಲ್ ಸಡಿಲಾಗಿ ಜೋತುಬಿದ್ದು ಕಾಂಕ್ರೀಟ್ ದಿಮ್ಮಿಯ ಒರಟು ಅಂಚಿಗೆ ತಾಗುತ್ತಿತ್ತು. ಗಾಳಿಗೆ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಹೊರಕವಚ ಸವೆದು, ಮಳೆನೀರು ತಗುಲಿದ ಕೂಡಲೇ ವಿದ್ಯುತ್ತು ನೆಲಕ್ಕೆ ಸೋರಲು ಶುರುವಾಗಿತ್ತು. ಬಿಸಿಲಿರುವಷ್ಟು ಹೊತ್ತೂ ಪ್ಯಾನೆಲ್‌ನ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ, ಸ್ವಿಚ್ ಆರಿಸಿದರೂ ಪ್ಯಾನೆಲ್ ಆರುವುದಿಲ್ಲ. ಆದ್ದರಿಂದ ಇದನ್ನು ಸಣ್ಣ ದೋಷವೆಂದು ನಾನು ಎಣಿಸಲಾರೆ.

“ಟೈ ಬಿಚ್ಚಿಕೊಂಡಿರಬೇಕು ಕಣಪ್ಪ” ಎಂದರು ಮೇಷ್ಟ್ರು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ತಾರಸಿಯ ಮೇಲೆ ಉದುರಿದ್ದ ಕೇಬಲ್ ಟೈಗಳನ್ನು ಆಯ್ದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರೆ, ಒಂದರಲ್ಲಿಯೂ ಬೀಗ ಬಿಟ್ಟಿರಲಿಲ್ಲ. ಒಂದು ತುದಿಯಲ್ಲಿರುವ ತೂತಿನ ತಲೆಯೊಳಗೆ ತೂರಿದ್ದ ಬಾಲ, ಅಂದರೆ ಪಟ್ಟಿಯ ಇನ್ನೊಂದು ತುದಿ, ಹಾಗೆಯೇ ಕಚ್ಚಿಕೊಂಡಿತ್ತು. ತಲೆಯಿಂದ ಅರ್ಧ ಸೆಂಟಿಮೀಟರ್ ಈಚೆಗೆ, ಪಟ್ಟಿ ಬಾಗುವ ಕುತ್ತಿಗೆಯ ಜಾಗದಲ್ಲಿ, ಒಣಕಡ್ಡಿ ಮುರಿದಂತೆ ಎರಡಾಗಿತ್ತು. ಅಂದಿನಿಂದ ಈ ಪುಟ್ಟ ವಸ್ತುವಿನ ರಚನೆಯನ್ನು ಸರಿಯಾಗಿ ತಿಳಿಯಬೇಕೆಂಬ ಹಟ ಹಿಡಿಯಿತು.

ಮನೆಗೆ ಬಂದು ಹೊಸದೊಂದು ಟೈ ಬಿಗಿದು, ಅದರ ತಲೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ವಾಚ್ ರಿಪೇರಿ ಮಾಡುವ ಗೆಳೆಯನ ಕಣ್ಣುಗಾಜಿನಲ್ಲಿ ನೋಡಿದೆ. ಒಳಗೆ ಇರುವುದು ಒಂದು ಪುಟ್ಟ ನಾಲಿಗೆ. ಅದರ ಬುಡ ತಲೆಯ ಗೋಡೆಗೆ ಅಂಟಿಕೊಂಡಿದೆ, ತುದಿ ಬಾಲ ಹೊರಬರುವ ದಿಕ್ಕಿಗೆ ಓರೆಯಾಗಿ ಚಾಚಿದೆ, ತುದಿಯ ಮೇಲೆ ಎರಡು ಮೂರು ಹಲ್ಲುಗಳಿವೆ. ಪಟ್ಟಿಯ ಹಲ್ಲುಗಳಿಗೆ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಕಡಿದಾದ ಗೋಡೆ. ಬಾಲವನ್ನು ಮುಂದಕ್ಕೆ ಎಳೆದಾಗ ಇಳಿಜಾರಿನ ಬದಿ ನಾಲಿಗೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಲ್ಲು ದಾಟಿದ ಕೂಡಲೇ ನಾಲಿಗೆ ತನ್ನ ಸೆಟೆತದಿಂದ ಮರಳಿ ಮುಂದಿನ ಸಂದಿಗೆ ಬೀಳುತ್ತದೆ. ಟೈ ಎಳೆಯುವಾಗ ಕೇಳುವ ಜರ್ರೆಂಬ ಸದ್ದು ಇದೇ. ಹಿಂದಕ್ಕೆ ಎಳೆದರೆ ಕಡಿದಾದ ಬದಿಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಬೇಲಿಸಾಲಿನ ಉತ್ತರಾಣಿ ಕಡ್ಡಿಯ ಮೇಲೆ ಒಂದು ದಿಕ್ಕಿಗೆ ಬೆರಳು ಆಡಿಸಿದರೆ ನುಣುಪು, ಎದುರು ದಿಕ್ಕಿಗೆ ಆಡಿಸಿದರೆ ಚುಚ್ಚು. ತತ್ವ ಅಷ್ಟೇ.

ಆದರೆ ಹಲ್ಲಿಗೆ ಹಲ್ಲು ತಾಗಿ ನಿಲ್ಲುವುದಷ್ಟೇ ಆಗಿದ್ದರೆ ಈ ಬೀಗ ಇಷ್ಟು ಭಾರ ತಡೆಯುತ್ತಿರಲಿಲ್ಲ. ಅದರ ನಿಜವಾದ ಜಾಣತನ ನಾಲಿಗೆಯ ಓರೆಯಲ್ಲಿದೆ. ಬಾಗಿಲಿಗೆ ಒಳಗಿನಿಂದ ಕೋಲೊಂದನ್ನು ಓರೆಯಾಗಿ ಆನಿಸಿಟ್ಟರೆ, ಹೊರಗಿನವರು ಎಷ್ಟು ನೂಕಿದರೆ ಅಷ್ಟು ಬಲವಾಗಿ ಆ ಕೋಲು ನೆಲಕ್ಕೂ ಬಾಗಿಲಿಗೂ ಒತ್ತಿಕೊಳ್ಳುತ್ತದಲ್ಲವೇ? ಹಾಗೆಯೇ ಪಟ್ಟಿ ಹಿಂದಕ್ಕೆ ಜಗ್ಗಿದಾಗ ನಾಲಿಗೆ ಬುಡದಲ್ಲಿ ತಿರುಗಿ ಪಟ್ಟಿಯ ಕಡೆಗೇ ಒತ್ತುತ್ತದೆ. ಪಟ್ಟಿಯ ಬೆನ್ನಿಗೆ ತಲೆಯ ಎದುರು ಗೋಡೆ ಇರುವುದರಿಂದ ಅದಕ್ಕೆ ಸರಿದುಹೋಗಲು ಜಾಗವಿಲ್ಲ. ಬಿಡಿಸಲು ಹಾಕಿದ ಬಲವೇ ಬೀಗವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ತಲೆ, ನಾಲಿಗೆ, ಹಲ್ಲು, ಪಟ್ಟಿ ಎಲ್ಲವೂ ಒಂದೇ ಅಚ್ಚಿನಲ್ಲಿ ಒಂದೇ ಸಲಕ್ಕೆ ಎರಕವಾಗಿ ಬರುತ್ತವೆ ಎಂಬುದನ್ನು ನೆನೆದರೆ, ಬೆಲೆ ಲೆಕ್ಕಕ್ಕೂ ಬಾರದ ಈ ವಸ್ತುವಿನ ಬಗ್ಗೆ ನನಗೆ ಗೌರವ ಹುಟ್ಟುತ್ತದೆ.

ನಾಲಿಗೆಯ ಬುಡ ಎಷ್ಟು ದಪ್ಪವಿರಬೇಕು ಎಂಬಲ್ಲಿ ವಿನ್ಯಾಸಕಾರನ ಕಷ್ಟ ಇದೆ. ಬುಡ ದಪ್ಪವಾದರೆ ಬಾಲ ತೂರಿಸಲು ಬೆರಳು ನೋಯುತ್ತದೆ, ತೆಳುವಾದರೆ ಭಾರಕ್ಕೆ ಮಡಚಿಕೊಂಡು ಜಾರುತ್ತದೆ. ಹಲ್ಲಿನ ವಿಷಯವೂ ಹಾಗೆಯೇ: ಹಲ್ಲು ದೊಡ್ಡದಾದರೆ ಹಿಡಿತ ಗಟ್ಟಿ, ಆದರೆ ಕೈ ಬಿಟ್ಟಾಗ ಪಟ್ಟಿ ಹಿಂದಿನ ಹಲ್ಲಿನವರೆಗೆ ಸರಿದು ಅಷ್ಟು ಸಡಿಲಾಗುತ್ತದೆ, ಸಣ್ಣದಾದರೆ ಬಿಗಿತ ಕರಾರುವಾಕ್ಕಾಗಿ ಸಿಗುತ್ತದೆ, ಆದರೆ ಧೂಳು ಮಣ್ಣು ತುಂಬಿದರೆ ಕಚ್ಚುವುದು ಕಡಿಮೆ. ಈ ತೊಡಕನ್ನು ಬೇರೆ ದಾರಿಯಿಂದ ಬಿಡಿಸಿದ ಟೈ ಒಂದಿದೆ. ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ ಎಂಬವರು 1958ರಲ್ಲಿ ‘ಟೈ-ರ‍್ಯಾಪ್’ ಎಂಬ ಹೆಸರಿನಲ್ಲಿ ಕೇಬಲ್ ಟೈಯನ್ನು ರೂಪಿಸಿದರು. ವಿಮಾನದೊಳಗಿನ ಸಾವಿರಾರು ತಂತಿಗಳನ್ನು ಆಗ ಮೇಣ ಹಚ್ಚಿದ ದಾರದಿಂದ ಗಂಟು ಹಾಕಿ ಕಟ್ಟುತ್ತಿದ್ದರು, ದಾರ ಜಗ್ಗಿ ಕೆಲಸಗಾರರ ಬೆರಳು ಕೊಯ್ಯುತ್ತಿತ್ತು. ಅದನ್ನು ಕಂಡು ಹೊಳೆದದ್ದು ಇದು. ಆ ಹೆಸರಿನ ಟೈಗಳಲ್ಲಿ ಇಂದಿಗೂ ನಾಲಿಗೆಯ ಬದಲು ಸ್ಟೇನ್‌ಲೆಸ್ ಸ್ಟೀಲಿನ ಒಂದು ಪುಟ್ಟ ಮುಳ್ಳು ಇರುತ್ತದೆ. ಅದು ಪಟ್ಟಿಯ ಮೈಯನ್ನೇ ಚುಚ್ಚಿ ಹಿಡಿಯುವುದರಿಂದ ಹಲ್ಲಿನ ಲೆಕ್ಕವೇ ಇಲ್ಲ, ಬೇಕಾದ ಜಾಗದಲ್ಲಿ ನಿಲ್ಲಿಸಬಹುದು.

ಹಲ್ಲುಗಳು ಪಟ್ಟಿಯ ಒಳಬದಿಗಿದ್ದರೆ ತಂತಿಗಂಟಿನ ಮೇಲೆ ಜಾರುವುದಿಲ್ಲ. ಹೊರಬದಿಗಿದ್ದರೆ ತಂತಿಯ ಕವಚಕ್ಕೆ ನುಣುಪು ಮೈ ತಾಗುತ್ತದೆ. ಬಿಚ್ಚಿ ಮತ್ತೆ ಕಟ್ಟುವ ಟೈಗಳಲ್ಲಿ ನಾಲಿಗೆಯನ್ನು ಹಿಂದಕ್ಕೆ ಒತ್ತಲು ಹೊರಗೆ ಒಂದು ಕಿವಿ ಇರುತ್ತದೆ. ಸಾಮಾನ್ಯ ಟೈಯನ್ನೂ ಸೂಜಿಯಿಂದ ನಾಲಿಗೆ ಎತ್ತಿ ಬಿಡಿಸಬಹುದು, ನಮ್ಮ ಹುಡುಗರು ಮಾಡುತ್ತಾರೆ. ಆದರೆ ಒಮ್ಮೆ ಬಲವಂತವಾಗಿ ಬಗ್ಗಿದ ನಾಲಿಗೆಯ ಬುಡ ಮೊದಲಿನ ಸೆಟೆತಕ್ಕೆ ಮರಳುವುದಿಲ್ಲ, ಹಾಗಾಗಿ ಅದನ್ನು ಎರಡನೆಯ ಸಲ ಬಳಸಲು ನಾನು ಬಿಡುವುದಿಲ್ಲ.

ಬೀಗ ಇಷ್ಟು ಚೆನ್ನಾಗಿದ್ದರೂ ಮೇಷ್ಟ್ರ ಮನೆಯಲ್ಲಿ ಸೋತದ್ದು ಏಕೆ? ಸೋತದ್ದು ಬೀಗವಲ್ಲ, ಟೈ ಮಾಡಿದ ನೈಲಾನ್. ಒಳ್ಳೆಯ ಟೈಗಳನ್ನು ನೈಲಾನ್ 66ರಿಂದ ಮಾಡುತ್ತಾರೆ; ಅದು ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ, ಆದರೆ ಸಾಮಾನ್ಯ ಟೈಯನ್ನು 85 ಡಿಗ್ರಿಯ ಮೇಲೆ ನಿರಂತರವಾಗಿ ಬಳಸಬಾರದು. ಈ ನೈಲಾನ್‌ಗೆ ನೀರಿನ ಪಸೆ ಬೇಕು. ಗಾಳಿಯ ತೇವಾಂಶ ಶೇಕಡಾ 50ರಷ್ಟಿದ್ದಾಗ ಅದು ತನ್ನ ತೂಕದ ಶೇಕಡಾ 2.5ರಷ್ಟು ನೀರನ್ನು ಹೀರಿಟ್ಟುಕೊಳ್ಳುತ್ತದೆ, ಆ ನೀರೇ ಅದಕ್ಕೆ ಬಾಗುವ ಗುಣ ಕೊಡುತ್ತದೆ. ಅಚ್ಚಿನಿಂದ ಬಂದ ಒಣ ಟೈ ಬಗ್ಗಿಸಿದರೆ ಮುರಿಯುತ್ತದೆ, ಅದಕ್ಕೇ ತಯಾರಕರು ಪಸೆ ಸೇರಿಸಿ ಚೀಲದ ಬಾಯಿ ಮುಚ್ಚಿ ಕಳಿಸುತ್ತಾರೆ. ನಾವು ಆ ಚೀಲವನ್ನು ಹರಿದು ಮಾರ್ಚ್ ಏಪ್ರಿಲ್‌ನ ಬಿಸಿಲಿನಲ್ಲಿ ಗಾಡಿಯ ಮುಂದೆ ಬಿಟ್ಟು, ಆಮೇಲೆ ಟೈ ಕಳಪೆ ಎಂದು ಅಂಗಡಿಯವರನ್ನು ಬೈಯುತ್ತೇವೆ.

ಇದಕ್ಕಿಂತ ದೊಡ್ಡ ಶತ್ರು ಬಿಸಿಲಿನ ನೇರಳಾತೀತ ಕಿರಣ. ಅದು ನೈಲಾನ್‌ನ ಉದ್ದನೆಯ ಸರಪಳಿಗಳನ್ನು ಕಡಿದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡಿಸುತ್ತದೆ. ಪಟ್ಟಿ ಅತಿ ಹೆಚ್ಚು ಬಾಗಿ ಸೆಳೆತದಲ್ಲಿರುವ ಕುತ್ತಿಗೆಯಲ್ಲಿ ಆ ಬಿರುಕು ಬೇಗ ಆಳಕ್ಕಿಳಿಯುತ್ತದೆ. 2019ರಲ್ಲಿ ನಾನು ಹಾಕಿದ್ದು ಮಂಡಿಪೇಟೆಯಲ್ಲಿ ಕೊಂಡ ಬಿಳಿ ಟೈ. ಪ್ಯಾನೆಲ್‌ನ ಅಡಿ ನೆರಳು ತಾನೆ ಎಂದುಕೊಂಡಿದ್ದೆ. ಬಿಳಿ ಸುಣ್ಣ ಬಳಿದ ತಾರಸಿಯಿಂದ ಮರಳಿ ಚಿಮ್ಮುವ ಬೆಳಕನ್ನು ಎಣಿಸಿರಲಿಲ್ಲ, ಪಡುವಣ ಅಂಚಿಗೆ ಸಂಜೆ ನೇರ ಬಿಸಿಲು ಬೀಳುವುದನ್ನೂ ಎಣಿಸಿರಲಿಲ್ಲ. ಆ ತಪ್ಪು ನನ್ನದು. ಇಂಗಾಲದ ಕಪ್ಪು ಬೆರೆಸಿದ ನೈಲಾನ್ ಆ ಕಿರಣಗಳನ್ನು ಮೇಲ್ಮೈಯಲ್ಲೇ ತಡೆದು ಬಹಳ ಹೆಚ್ಚು ಕಾಲ ಬಾಳುತ್ತದೆ. ಆದರೆ ಕಪ್ಪಾಗಿರುವುದೆಲ್ಲ ಬಿಸಿಲು ತಡೆಯುವುದಲ್ಲ, ಬರೀ ಬಣ್ಣ ಬೆರೆಸಿದ್ದೂ ಇರುತ್ತದೆ. ಪೊಟ್ಟಣದ ಮೇಲೆ ಹೊರಾಂಗಣಕ್ಕೆ ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಬೇಕು. ಪಾವಗಡದ ಸೋಲಾರ್ ಪಾರ್ಕ್‌ನ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಪ್ಯಾನೆಲ್‌ಗಳು ಬಿಸಿಲಿಗೆ ಮುಖ ಒಡ್ಡಿ ನಿಂತಿರುವ ಜಿಲ್ಲೆಯಲ್ಲಿ, ಈ ಮಾತು ನನ್ನ ಒಂದು ತಾರಸಿಯ ಮಾತಷ್ಟೇ ಅಲ್ಲ.

ಅಗಲದ ಬಗ್ಗೆ ಒಂದು ಮಾತು. 2.5 ಮಿಲಿಮೀಟರ್ ಅಗಲದ ಟೈ ಸಾಮಾನ್ಯವಾಗಿ 8 ಕಿಲೋ, 3.6ರದ್ದು 18 ಕಿಲೋ, 4.8ರದ್ದು 22 ಕಿಲೋ, 7.6ರದ್ದು 55 ಕಿಲೋ ತಡೆಯುತ್ತದೆ. ಇದು ಹೊಸ ಟೈಯನ್ನು ಕುಣಿಕೆ ಮಾಡಿ ಎಳೆದು ಅಳೆದ ಅಂಕಿ, ಐದು ಬೇಸಿಗೆ ಕಂಡ ಟೈಯದ್ದಲ್ಲ.

ಮೇಷ್ಟ್ರ ತಾರಸಿಯಲ್ಲಿ ಸವೆದ ಕೇಬಲ್ ಬದಲಿಸಿ, ದಿಮ್ಮಿಯ ಅಂಚು ದಾಟುವಲ್ಲಿ ಕೊಳವೆ ತೊಡಿಸಿದೆ. ನೆರಳಿನ ಒಳಭಾಗಕ್ಕೆ 4.8ರ ಕಪ್ಪು ಟೈ, ಪಡುವಣ ಅಂಚಿಗೆ ಪ್ಲಾಸ್ಟಿಕ್ ಹೊದಿಸಿದ ಸ್ಟೇನ್‌ಲೆಸ್ ಸ್ಟೀಲ್ ಟೈ ಬಿಗಿದೆ. ಸ್ಟೀಲಿನದಕ್ಕೆ ಹಲ್ಲಿಲ್ಲ, ತಲೆಯೊಳಗಿನ ಓರೆ ಜಾಗದಲ್ಲಿ ಒಂದು ಪುಟ್ಟ ಗುಂಡು ಉರುಳಿ, ಪಟ್ಟಿ ಹಿಂದಕ್ಕೆ ಸರಿಯಲು ಹೋದಾಗ ಸಂದಿಗೆ ಸಿಕ್ಕಿಕೊಂಡು ಅದನ್ನು ಒತ್ತಿ ಹಿಡಿಯುತ್ತದೆ. ಬಾಲಗಳನ್ನು ತಲೆಯ ಮಟ್ಟಕ್ಕೆ ಸಮನಾಗಿ ಕತ್ತರಿಸಿದೆ, ಓರೆಯಾಗಿ ಕತ್ತರಿಸಿದ ತುಣುಕು ಪ್ಯಾನೆಲ್ ತೊಳೆಯುವವರ ಮುಂಗೈ ಗೀರುತ್ತದೆ. ಈಗ ವರ್ಷಕ್ಕೊಮ್ಮೆ, ಬೇಸಿಗೆ ಮುಗಿದು ಮಳೆ ಶುರುವಾಗುವ ಮುನ್ನ, ಅಲ್ಲಿಗೆ ಹೋಗಿ ಪಡುವಣ ಬದಿಯಿಂದ ಒಂದೊಂದೇ ಟೈಯ ಕುತ್ತಿಗೆಯನ್ನು ಬೆರಳಿನಿಂದ ಬಗ್ಗಿಸಿ ನೋಡುತ್ತೇನೆ.