"ಕಾಹೀ ಕರತ್ ನಾಹೀ" ಅನ್ನುವ ಮೊದಲು

ದಾದರ್‌ನ ಶಿವಾಜಿ ಪಾರ್ಕ್ ಇರಲಿ, ಪುಣೆಯ ತಳಜಾಯಿ ಟೇಕಡಿ (ಗುಡ್ಡ) ಇರಲಿ, ಬೆಳಗಿನ ಹೊತ್ತು ಕಿವಿಗೆ ಬೀಳುವ ಮಾತು ಒಂದೇ: "ಘಾಬರೂ ನಕಾ, ಕಾಹೀ ಕರತ್ ನಾಹೀ." ಮಾಟುಂಗಾದಲ್ಲಿ, ಡೊಂಬಿವಲಿಯಲ್ಲಿ ನಮ್ಮವರು ಇದನ್ನೇ ಕನ್ನಡದಲ್ಲಿ ಹೇಳುತ್ತಾರೆ: "ಹೆದರ್ಬೇಡಿ, ಏನೂ ಮಾಡಲ್ಲ." ನಾಯಿ ಆಗಲೇ ಎದುರಿನವರ ಮೊಣಕಾಲು ಮೂಸುತ್ತಿರುತ್ತದೆ, ಯಜಮಾನರು ಇನ್ನೂ ಇಪ್ಪತ್ತು ಹೆಜ್ಜೆ ಹಿಂದಿರುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ, ಆ ನಾಯಿ ಯಾರನ್ನೂ ಕಚ್ಚದ ಸಾಧು ಪ್ರಾಣಿಯೇ ಇರಬಹುದು. ನಾನು ಕೇಳುವುದು ಬೇರೆ. ಕಾರಿನಡಿಯಿಂದ ಬೆಕ್ಕೊಂದು ಹೊರಗೆ ಹಾರಿದ ಆ ಗಳಿಗೆಯಲ್ಲಿ, ಒಂದೇ ಒಂದು ಸಲ ಕರೆದರೆ, ಅದು ತಿರುಗಿ ಬರುತ್ತದೆಯೇ?

ಮುಂಬೈ, ಪುಣೆ, ಗೋವಾದ ಬೇಲಿಯಿಲ್ಲದ ಸಾರ್ವಜನಿಕ ಜಾಗದಲ್ಲಿ ನಾಯಿಯನ್ನು ಬಿಚ್ಚಿ ಬಿಡಬಾರದು, ಇದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಮೂರಡಿ ಚೈನಿನಲ್ಲಿ ದರದರ ಎಳೆದುಕೊಂಡು ಹದಿನೈದು ನಿಮಿಷದಲ್ಲಿ ಮನೆಗೆ ತರುವುದೂ ನಾಯಿಗೆ ಮಾಡುವ ಅನ್ಯಾಯ. ಹಗ್ಗ ಬಿಚ್ಚಬೇಡಿ, ಉದ್ದ ಮಾಡಿ.

ಕಾನೂನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇನ್ನೊಂದು ಕಡೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನೂ ಹಿಂಸೆ ಎಂದೇ ಎಣಿಸುತ್ತದೆ. ಅಂದರೆ ಬಿಟ್ಟುಬಿಟ್ಟರೂ ತಪ್ಪು, ಬಾಲ್ಕನಿಯ ಸರಳಿಗೆ ದಿನವಿಡೀ ಬಿಗಿದರೂ ತಪ್ಪು.

ಈ ಊರುಗಳಲ್ಲಿ ಬಿಚ್ಚಿ ಬಿಡುವುದು ಯಾಕೆ ಕೆಡುತ್ತದೆ ಅನ್ನುವುದಕ್ಕೆ ದೊಡ್ಡ ಕಾರಣ ಬೀದಿನಾಯಿಗಳು, ಆದರೆ ತಪ್ಪು ಅವುಗಳದ್ದಲ್ಲ. ಪ್ರತಿ ಗುಂಪಿಗೂ ತನ್ನ ಗಡಿ ಇರುತ್ತದೆ. ಅದು ಒಂದು ರಿಕ್ಷಾ ಸ್ಟ್ಯಾಂಡಿನಿಂದ ಶುರುವಾಗಿ ಒಂದು ವಡಾಪಾವ್ ಗಾಡಿಯ ಹತ್ತಿರ ಮುಗಿಯಬಹುದು. ಎಡಗಿವಿಯೋ ಬಲಗಿವಿಯೋ ತುದಿಯಲ್ಲಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಎಂದರ್ಥ. ಅಂಥ ನಾಯಿಗಳೂ ಗಡಿ ಕಾಯುತ್ತವೆ. ಹಗ್ಗದಲ್ಲಿರುವ ನಾಯಿ ಮನುಷ್ಯನ ಜೊತೆ ನೇರ ದಾಟಿ ಹೋದರೆ ಅವು ಎರಡು ಬಾರಿ ಬೊಗಳಿ ಸುಮ್ಮನಾಗುವುದೇ ಹೆಚ್ಚು. ಬಿಚ್ಚಿದ ಲ್ಯಾಬ್ರಡಾರ್ ನೇರ ಮುಖಕ್ಕೆ ಮುಖ ಕೊಟ್ಟು ಓಡಿ ಬಂದರೆ ಲೆಕ್ಕ ಬೇರೆ. ಫ್ಲ್ಯಾಟಿನಲ್ಲಿ ಬೆಳೆದ ನಾಯಿಗೆ ನಾಯಿಗಳ ಮರ್ಯಾದೆಯ ಭಾಷೆ ಅಷ್ಟಾಗಿ ಬರುವುದಿಲ್ಲ. ಸುತ್ತು ಬಳಸಿ, ಪಕ್ಕಕ್ಕೆ ನೋಡುತ್ತಾ, ನಿಧಾನವಾಗಿ ಹತ್ತಿರ ಹೋಗಬೇಕೆಂದು ಅದಕ್ಕೆ ಯಾರೂ ಕಲಿಸಿಲ್ಲ. ಜಗಳ ಹತ್ತಿಕೊಳ್ಳುತ್ತದೆ, ದೂರು ಹೋಗುವುದು ಮಾತ್ರ ಬೀದಿನಾಯಿಯ ಮೇಲೆ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶದಲ್ಲಿ ಸಂತಾನಹರಣ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು ಎಂದಿದೆ, ರೇಬಿಸ್ ಇರುವ ಮತ್ತು ಆಕ್ರಮಣಕಾರಿಯಾದ ನಾಯಿಗಳನ್ನು ಹೊರತುಪಡಿಸಿ. ನಿಮ್ಮ ಮುದ್ದು ನಾಯಿ ಎಬ್ಬಿಸಿದ ಜಗಳದಿಂದ ಒಂದು ಬೀದಿನಾಯಿಗೆ ಆ 'ಆಕ್ರಮಣಕಾರಿ' ಹಣೆಪಟ್ಟಿ ಬಿದ್ದರೆ, ಅದು ಹುಟ್ಟಿ ಬೆಳೆದ ಗಲ್ಲಿಯನ್ನೇ ಕಳೆದುಕೊಳ್ಳಬಹುದು. ಈ ವಿಷಯ ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೀದಿನಾಯಿಗಳಿಗೆ ಊಟ ಹಾಕುವವರು ಬರುವ ಹೊತ್ತು, ಜಾಗ ಎರಡನ್ನೂ ಒಂದು ವಾರ ಗಮನಿಸಿ. ಆ ಅರ್ಧ ಗಂಟೆ ಆ ದಾರಿ ಬೇಡ.

ಟೇಕಡಿ, ಸಮುದ್ರದ ದಂಡೆ ಅಂದರೆ ಖಾಲಿ ಜಾಗ ಅಂತ ಅನಿಸುತ್ತದೆ, ಖಾಲಿ ಇರುವುದಿಲ್ಲ. ಪುಣೆಯ ವೇತಾಳ ಟೇಕಡಿಯಲ್ಲಿ ನವಿಲುಗಳು ಇವೆ, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿವೆ. ಮಳೆಗಾಲದ ಹುಲ್ಲಿನಿಂದ ಮೈಗೆ ಹತ್ತುವ ಉಣ್ಣಿಗಳಿಂದಲೂ ಟಿಕ್ ಫೀವರ್ ಹಿಡಿಯಬಹುದು. ಮುಂಬೈಯ ಆರೇ ಕಾಲೊನಿಯಲ್ಲಿ, ಸಂಜಯ್ ಗಾಂಧಿ ಉದ್ಯಾನದ ಅಂಚಿನಲ್ಲಿ ಚಿರತೆಗಳಿಗೆ ನಾಯಿ ಮುಖ್ಯ ಆಹಾರ, ಅಲ್ಲಿ ಕತ್ತಲಾದ ಮೇಲೆ ಉದ್ದ ಹಗ್ಗವೂ ಬೇಡ. ಗೋವಾದ ಮೊರ್ಜಿ, ಆಗೊಂದ, ಗಾಲ್ಜಿಬಾಗ್ ದಂಡೆಗಳಿಗೆ ನವೆಂಬರಿನಿಂದ ಮಾರ್ಚಿನ ಹೊತ್ತಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆ ಒಡೆಯಲು ಒಂದೂವರೆಯಿಂದ ಎರಡು ತಿಂಗಳು ಬೇಕು. ನಾಯಿ ಒಮ್ಮೆ ಮರಳು ಕೆದಕಿದರೆ ಇಡೀ ಗೂಡು ಹಾಳು. ಜುಹೂ, ಗಿರ್‌ಗಾಂವ್ ದಂಡೆಗೆ ಮಳೆಗಾಲದಲ್ಲಿ ನೀಲಿ ಬುಗ್ಗೆಯಂಥ ಬ್ಲೂ ಬಾಟಲ್ ಎಂಬ ಕುಟುಕುವ ಕಡಲಜೀವಿಗಳು, ಡಾಂಬರಿನ ಉಂಡೆಗಳು ಬಂದು ಬೀಳುತ್ತವೆ. ಬಿಚ್ಚಿದ ನಾಯಿ ಮೊದಲು ಅವುಗಳಿಗೇ ಬಾಯಿ ಹಾಕುತ್ತದೆ.

ಇನ್ನು ಹಗ್ಗದ ವಿಷಯ. ರಸ್ತೆಗೆ, ಲಿಫ್ಟಿಗೆ ಐದಾರಡಿಯ ಸಾದಾ ಲೀಶ್ ಸಾಕು. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಡಬ್ಬಿ ಲೀಶ್ ಬೇಡವೇ ಬೇಡ. ಅದರ ತೆಳು ದಾರ ಸ್ಕೂಟರಿನವರಿಗೆ ಕಾಣುವುದಿಲ್ಲ, ಚರ್ಮಕ್ಕೆ ಸುತ್ತಿಕೊಂಡರೆ ಕುಯ್ಯುತ್ತದೆ, ಹಿಡಿ ಕೈ ಜಾರಿ ಬಿದ್ದರೆ ಆ ಡಬ್ಬಿ ಲಟಪಟ ಸದ್ದು ಮಾಡುತ್ತಾ ನಾಯಿಯ ಹಿಂದೆಯೇ ಬಂದು, ಹೆದರಿದ ನಾಯಿ ಇನ್ನಷ್ಟು ಓಡುತ್ತದೆ.

ಮೈದಾನಕ್ಕೆ ಬೇಕಾದದ್ದು ಲಾಂಗ್ ಲೈನ್, ಅಂದರೆ ಹಲವು ಮೀಟರ್ ಉದ್ದದ ಹಗ್ಗ. ಹೊಸಬರು 5 ಮೀಟರಿನಿಂದ ಶುರುಮಾಡಿ, ಕೈ ಪಳಗಿದ ಮೇಲೆ 10 ಮೀಟರಿಗೆ ಹೋಗಿ. ಸಣ್ಣ ನಾಯಿಗೆ 9–10 ಮಿಲಿಮೀಟರ್ ಅಗಲದ್ದು, 20 ಕಿಲೋ ಮೇಲ್ಪಟ್ಟದ್ದಕ್ಕೆ 13–16 ಮಿಲಿಮೀಟರಿನದ್ದು. ನೈಲಾನ್ ಅಗ್ಗ, ಆದರೆ ನೀರು ಹೀರಿ ಭಾರವಾಗುತ್ತದೆ, ಅಂಗೈ ಸುಡುತ್ತದೆ. ಬಯೋಥೇನ್ (ಪ್ಲಾಸ್ಟಿಕ್ ಲೇಪಿಸಿದ ಪಟ್ಟಿ) ದುಬಾರಿಯಾದರೂ ಕೆಸರು ಹಿಡಿಯುವುದಿಲ್ಲ, ಈ ಮಳೆಯ ಊರುಗಳಿಗೆ ಅದೇ ಸರಿ. ಕೊಂಡಿ ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ. ಕಬ್ಬಿಣಕ್ಕೆ ಬಣ್ಣ ಹಚ್ಚಿದ ಕೊಂಡಿಯ ಸ್ಪ್ರಿಂಗ್ ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದು ಅರ್ಧ ಮುಚ್ಚಿಯೇ ನಿಲ್ಲುತ್ತದೆ. ವಾರಕ್ಕೊಮ್ಮೆ ಕೊಂಡಿಯನ್ನು ಹತ್ತು ಸಲ ಒತ್ತಿ ಬಿಟ್ಟು ನೋಡಿ, ಒಂದು ಸಲ ತಡೆದರೂ ಬದಲಿಸಿ.

ಲಾಂಗ್ ಲೈನನ್ನು ಕತ್ತಿನ ಪಟ್ಟಿಗೆ ಎಂದೂ ಸಿಕ್ಕಿಸಬಾರದು. ಹತ್ತು ಮೀಟರ್ ಓಡಿದ ನಾಯಿ ಒಮ್ಮೆಲೇ ನಿಂತರೆ ಅಷ್ಟೂ ಪೆಟ್ಟು ಕುತ್ತಿಗೆಗೆ. ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಕೂರುವ ಹಾರ್ನೆಸ್ ಹಾಕಿ, ಬೆನ್ನ ಮೇಲಿನ ಬಳೆಗೆ ಸಿಕ್ಕಿಸಿ. ಹಾರ್ನೆಸ್ಸಿನ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಮುಧೋಳ ನಾಯಿ, ಇತ್ತ ಮಹಾರಾಷ್ಟ್ರದಲ್ಲಿ ಕಾರವಾನ್ ಅನ್ನುತ್ತಾರಲ್ಲ, ಅದನ್ನು ಸಾಕಿದವರು ಇನ್ನೂ ಹುಷಾರಾಗಿರಬೇಕು. ಅವುಗಳ ತಲೆ ಕುತ್ತಿಗೆಗಿಂತ ಸಪೂರ, ಹಿಂದೆ ಸರಿದರೆ ಸಾದಾ ಬೆಲ್ಟಿನಿಂದ ಮೀನಿನಂತೆ ಜಾರಿಕೊಳ್ಳುತ್ತವೆ. ಎಳೆದರೆ ಮಾತ್ರ ಮಿತವಾಗಿ ಬಿಗಿಯುವ ಮಾರ್ಟಿಂಗೇಲ್ ಬೆಲ್ಟ್ ಅವುಗಳಿಗೆಂದೇ ಇದೆ. ಕಣ್ಣಿಂದ ಬೇಟೆ ಹುಡುಕಲು ನೂರಾರು ವರ್ಷ ಆರಿಸಿ ಬೆಳೆಸಿದ ತಳಿ ಅದು. ಓಡುವ ಬೆಕ್ಕು ಕಂಡ ಮೇಲೆ ಅದರ ಕಿವಿಗೆ ನಿಮ್ಮ ದನಿ ತಲುಪುತ್ತದೆ ಎಂದು ನಂಬಬೇಡಿ.

ಹಗ್ಗ ಹಿಡಿಯುವ ರೀತಿ ಮುಖ್ಯ. ಕೈಗೆ ಸುತ್ತಿಕೊಂಡರೆ ಬೆರಳು ಮುರಿಯುತ್ತದೆ. ಸೀರೆಯ ನೆರಿಗೆ ಹಿಡಿಯುವ ಹಾಗೆ ಅಂಗೈ ಮೇಲೆ ಮಡಿಕೆ ಮಡಿಕೆಯಾಗಿ ಹಿಡಿದು, ಒಂದೊಂದೇ ಮಡಿಕೆ ಬಿಡುತ್ತಾ ಹೋಗಿ. ನಿಮ್ಮ ಕೈ ಕಡೆಯ ತುದಿಯಿಂದ ಎರಡು ಮೀಟರ್ ಇರುವಲ್ಲಿ ಒಂದು ಬಣ್ಣದ ಟೇಪ್ ಸುತ್ತಿಡಿ. ಟೇಪ್ ಕೈಗೆ ಬಂತೆಂದರೆ ಕರೆಯುವ ಹೊತ್ತು, ಹಗ್ಗ ಪೂರ್ತಿ ಬಿಗಿಯುವವರೆಗೆ ಕಾಯಬೇಡಿ. ಜನ, ಮಕ್ಕಳು, ಸೈಕಲ್ ಹತ್ತಿರ ಬಂದರೆ ಎರಡು ಮೀಟರಿಗೆ ಮಡಿಚಿಕೊಳ್ಳಿ. ನಲವತ್ತು ನಿಮಿಷ ಹೀಗೆ ತನ್ನಿಷ್ಟದ ಕಡೆ ಮೂಸುತ್ತಾ ತಿರುಗಿದ ನಾಯಿ ಮನೆಗೆ ಬಂದು ನಿದ್ದೆ ಹೋಗುತ್ತದೆ. ಚೆಂಡು ಎಸೆದು ಎಸೆದು ಓಡಿಸಿದ ನಾಯಿ ಮನೆಗೆ ಬಂದ ಮೇಲೂ ಎಷ್ಟೋ ಹೊತ್ತು ಏದುಸಿರು ಬಿಡುತ್ತಾ ಚಡಪಡಿಸುತ್ತಿರುತ್ತದೆ.

ಕರೆದರೆ ಬರುವುದನ್ನು ಕಲಿಸುವುದು ಹಗ್ಗವಿದ್ದರೂ ತಪ್ಪದು, ಕೊಂಡಿ ಮುರಿದ ದಿನಕ್ಕೆ ಅದೊಂದೇ ಆಧಾರ. ನಮ್ಮ ಮನೆಗಳ ತೊಂದರೆ ಭಾಷೆಯಿಂದ ಶುರುವಾಗುತ್ತದೆ. ಅಜ್ಜಿ "ಬಾರೋ" ಅನ್ನುತ್ತಾರೆ, ಮಕ್ಕಳು "ಕಮ್" ಅನ್ನುತ್ತಾರೆ, ನಾಯಿ ಸುತ್ತಾಡಿಸುವ ವಾಕರ್ ಹುಡುಗ ಮರಾಠಿಯಲ್ಲಿ "ಇಕಡೇ ಯೇ" ಅನ್ನುತ್ತಾನೆ. ಅದೂ ಅಲ್ಲದೆ "ಬಾ" ಎಂಬುದು ಕನ್ನಡದ ಮನೆಯಲ್ಲಿ ದಿನಕ್ಕೆ ನೂರು ಸಲ ಯಾರ‍್ಯಾರಿಗೋ ಹೇಳುವ ಮಾತು, ನಾಯಿಯ ಪಾಲಿಗೆ ಅದು ಬರೀ ಸದ್ದು. ಬೇರೆ ಯಾವುದಕ್ಕೂ ಬಳಸದ ಎರಡಕ್ಷರದ ಹೊಸ ಪದವೊಂದನ್ನೋ ಒಂದು ಪೀಪಿಯನ್ನೋ ಆರಿಸಿ, ಮನೆಯವರೆಲ್ಲ ಅದನ್ನೇ ಬಳಸಿ.

ಬೇಯಿಸಿದ ಕೋಳಿಯನ್ನು ಬಟಾಣಿ ಕಾಳಿನಷ್ಟು ಕತ್ತರಿಸಿ, ಸಸ್ಯಾಹಾರಿ ಮನೆಯಾದರೆ ಪನೀರ್. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಬೆರೆತ ಏನೂ ಬೇಡ, ಅವು ನಾಯಿಗೆ ವಿಷ. ಮೊದಲ ವಾರ ಮನೆಯೊಳಗೆ: ಪದ ಹೇಳಿ, ತಕ್ಷಣ ತುತ್ತು ಕೊಡಿ, ದಿನಕ್ಕೆ ಇಪ್ಪತ್ತು ಸಲ. ಆಮೇಲೆ ಇನ್ನೊಂದು ಕೋಣೆಯಿಂದ, ನಂತರ ಮೆಟ್ಟಿಲ ಬಳಿ, ನಂತರ ಜನ ಇಲ್ಲದ ಹೊತ್ತಿನ ಸೊಸೈಟಿ ಕಾಂಪೌಂಡಿನಲ್ಲಿ, ಕೊನೆಗೆ ಲಾಂಗ್ ಲೈನ್ ಹಾಕಿ ಮೈದಾನದಲ್ಲಿ. ಹತ್ತಕ್ಕೆ ಒಂಬತ್ತು ಸಲ ಬಂದರೆ ಮಾತ್ರ ಮುಂದಿನ ಮೆಟ್ಟಿಲು. ಸಾಲಾಗಿ ಎರಡು ಸಲ ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ಬಂದ ಕೂಡಲೇ ಒಂದೇ ತುತ್ತಲ್ಲ, ಐದು ತುಣುಕನ್ನು ಒಂದೊಂದಾಗಿ ಕೊಡುತ್ತಾ ಹಾರ್ನೆಸ್ ಹಿಡಿಯಿರಿ. ಕೈ ಮುಂದೆ ಬಂದೊಡನೆ ಹಿಂದೆ ಸರಿಯುವ ಚಾಳಿ ಹೀಗೆಯೇ ಹೋಗುತ್ತದೆ. ಆಮೇಲೆ "ಹೋಗು" ಎಂದು ಮತ್ತೆ ಬಿಡಿ.

ಕೆಡುವುದು ಎಲ್ಲಿ ಅಂದರೆ ಮನೆಗೆ ಹೊರಡುವಾಗ ಮಾತ್ರ ಕರೆಯುವುದರಲ್ಲಿ. ಆ ಪದ ಕೇಳಿದರೆ ಆಟ ಮುಗಿಯಿತು ಎಂದು ನಾಯಿ ಎರಡೇ ದಿನದಲ್ಲಿ ಲೆಕ್ಕ ಹಾಕಿಬಿಡುತ್ತದೆ. ಹತ್ತು ಸಲ ಕರೆದರೆ ಒಂಬತ್ತು ಸಲ ಮತ್ತೆ ಆಡಲು ಬಿಡಬೇಕು. ತಡವಾಗಿ ಬಂದದ್ದಕ್ಕೆ ಬೈಯಬಾರದು, ನಾಯಿಗೆ ಅದು ಬಂದದ್ದಕ್ಕೆ ಸಿಕ್ಕ ಬೈಗುಳ. ಸ್ನಾನಕ್ಕೆ, ಔಷಧಿಗೆ ಆ ಪದ ಬಳಸಬೇಡಿ, ಎದ್ದು ಹೋಗಿ ಕರೆತನ್ನಿ. ಪದ ಹಳಸಿದೆ ಅನಿಸಿದರೆ ರಿಪೇರಿ ಮಾಡಲು ಹೋಗದೆ ಹೊಸ ಪದದಿಂದ ಮೊದಲಿನಿಂದ ಶುರುಮಾಡಿ.

ಕೈತಪ್ಪಿ ಓಡಿದರೆ ಹಿಂದೆ ಓಡಬೇಡಿ, ಅದು ಆಟ ಅಂದುಕೊಳ್ಳುತ್ತದೆ. ಹೆಸರು ಕೂಗಿ ವಿರುದ್ಧ ದಿಕ್ಕಿಗೆ ನೀವೇ ಓಡಿ, ಇಲ್ಲವೇ ನೆಲದ ಮೇಲೆ ಕೂತುಬಿಡಿ.

ಬೇರೆಯವರ ಬಿಚ್ಚಿದ ನಾಯಿ ನಿಮ್ಮತ್ತ ನುಗ್ಗಿದರೆ, ನಿಮ್ಮ ಲೀಶ್ ಬಿಗಿ ಎಳೆಯಬೇಡಿ. ನಡುವೆ ನಿಂತು ಒಂದು ಹಿಡಿ ತಿಂಡಿಯನ್ನು ಅದರ ಮುಖದ ಮುಂದೆ ನೆಲಕ್ಕೆ ಚೆಲ್ಲಿ, ಮಳೆಗಾಲವಾದರೆ ಛತ್ರಿಯನ್ನು ಪಟ್ಟನೆ ಬಿಚ್ಚಿ. ಕಚ್ಚಾಟ ಹತ್ತಿಕೊಂಡರೆ ತಲೆಯ ಹತ್ತಿರ ಕೈ ಹಾಕಬೇಡಿ. ನೀರು ಎರಚಿ, ಬಿಡದಿದ್ದರೆ ಇಬ್ಬರೂ ಯಜಮಾನರು ಏಕಕಾಲಕ್ಕೆ ತಮ್ಮ ನಾಯಿಯ ಹಿಂಗಾಲುಗಳನ್ನು ಎತ್ತಿ ಹಿಂದಕ್ಕೆ ಸರಿಯಬೇಕು. ಮನುಷ್ಯರಿಗೆ ಹಲ್ಲು ತಾಗಿದರೆ ಹದಿನೈದು ನಿಮಿಷ ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆಯಿರಿ. ಅರಿಶಿನ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ. ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆಯ ದಿನಗಳು 0, 3, 7, 28 (ಮೊದಲ ಚುಚ್ಚಿನ ದಿನವೇ 0). ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೋಗ್ಲೋಬುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ, ಅದಕ್ಕಾಗಿ ಲಸಿಕೆ ಮುಂದೂಡಬೇಡಿ.

ವಾಕರ್ ಇಟ್ಟುಕೊಂಡವರು ಒಂದು ಮಾತು ನೋಡಿಕೊಳ್ಳಿ. ಒಂದೇ ಕೈಯಲ್ಲಿ ಐದು ನಾಯಿ ಹಿಡಿದ ಹುಡುಗ ಒಂದು ನಾಯಿ ಎಳೆದರೆ ಉಳಿದ ನಾಲ್ಕನ್ನೂ ಕೈಬಿಡುತ್ತಾನೆ. ಸ್ವಲ್ಪ ಹೆಚ್ಚು ಕೊಟ್ಟರೂ ಸರಿ, ನಿಮ್ಮದನ್ನು ಒಂಟಿಯಾಗಿಯೋ ಇನ್ನೊಂದರ ಜೊತೆಗೋ ಮಾತ್ರ ಒಯ್ಯಲು ಹೇಳಿ.

ಗಣೇಶೋತ್ಸವದ ಹತ್ತು ದಿನ ಮತ್ತು ದೀಪಾವಳಿಯ ವಾರ ಲಾಂಗ್ ಲೈನ್ ಕಪಾಟಿನಲ್ಲಿರಲಿ. ಢೋಲ್ ತಾಶಾ ಪಥಕ ತಿರುವಿನಲ್ಲಿ ಒಮ್ಮೆಲೇ ಬಾರಿಸಲು ಶುರುಮಾಡಿದರೆ ತುಂಬ ಪಳಗಿದ ನಾಯಿಯೂ ಕಿತ್ತುಕೊಂಡು ಓಡುತ್ತದೆ. ಆ ದಿನಗಳಲ್ಲಿ ಐದಡಿಯ ಲೀಶ್ ಹಾರ್ನೆಸ್ಸಿಗೆ, ಜೊತೆಗೆ ಇನ್ನೊಂದು ಸಣ್ಣ ಹಗ್ಗ ಕತ್ತಿನ ಬೆಲ್ಟಿಗೆ, ಬೆಲ್ಟಿನ ಮೇಲೆ ಫೋನ್ ನಂಬರ್ ಕೆತ್ತಿದ ಬಿಲ್ಲೆ. ಮೆರವಣಿಗೆ ಶುರುವಾಗುವ ಮೊದಲೇ, ಬೆಳಗ್ಗೆ ಬೇಗ ಒಂದು ಸುತ್ತು ಮುಗಿಸಿ ಬನ್ನಿ.