ಕಬ್ಬಿಣದ ಗಿಟಾರ್ ನುಡಿಯುತ್ತಾ?

ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಶೀಟ್, ಸ್ಕ್ವೇರ್ ಪೈಪ್ ತಂದು ನಾನೇ ವೆಲ್ಡ್ ಮಾಡಿದ ಎಲೆಕ್ಟ್ರಿಕ್ ಗಿಟಾರ್ ಒಂದು ನಮ್ಮ ಮನೆಯಲ್ಲಿದೆ. ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ವೀಣೆಗೆ ಹಲಸಿನ ಮರವೇ ಆಗಬೇಕು ಅಂತಾರೆ. ಗೇಟು, ಗ್ರಿಲ್ಲು ಮಾಡುವ ಕಬ್ಬಿಣದಲ್ಲಿ ನಾದ ಎಲ್ಲಿಂದ ಬರುತ್ತೆ?"

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ವೀಣೆಯಲ್ಲಿ ತಂತಿಯ ಅದುರನ್ನು ನಮ್ಮ ಕಿವಿಗೆ ಮುಟ್ಟಿಸುವುದು ಮರದ ಕೊಡ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಆ ಕೆಲಸ ಪಿಕಪ್‌ನದು. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅದುರಿದರೆ ಆ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಆಂಪ್, ಅಂದರೆ ಆಂಪ್ಲಿಫೈಯರ್, ಅದನ್ನು ದೊಡ್ಡದು ಮಾಡುತ್ತದೆ. ನೈಲಾನ್ ತಂತಿ ಹಾಕಿದರೆ ಎಂಥ ಒಳ್ಳೆಯ ಮರವಿದ್ದರೂ ಈ ಪಿಕಪ್‌ಗೆ ಏನೂ ಕೇಳಿಸದು. 1932ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ ಕಂಪನಿಯ 'ಫ್ರೈಯಿಂಗ್ ಪ್ಯಾನ್', ಎಲೆಕ್ಟ್ರಿಕ್ ಗಿಟಾರ್‌ಗಳ ಹಿರಿಯಣ್ಣ, ಎರಕದ ಅಲ್ಯುಮಿನಿಯಂನದೇ ಅಲ್ವಾ?

ಹಾಗಾದರೆ ಬಾಡಿಯ ಕೆಲಸವೇನು? ಅಲುಗದೆ ತಂತಿಗಳನ್ನು ಹಿಡಿದುಕೊಳ್ಳುವುದು. ಆರು ತಂತಿ ಸೇರಿ ಸುಮಾರು 45 ಕೆಜಿ ಎಳೆಯುತ್ತವೆ. ಉಕ್ಕಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಮರದ ಬಾಡಿಯಷ್ಟೇ ದಪ್ಪಕ್ಕೆ ಗಟ್ಟಿ ಉಕ್ಕು ಹಾಕಿದರೆ 35 ಕೆಜಿ ಆದೀತು. ಅದಕ್ಕೇ ನಾನು 25 ಮಿಮೀ ಪೈಪಿನ ಚೌಕಟ್ಟು ಮಾಡಿ, ಮುಂದೆ ಮಾತ್ರ ಒಂದೂವರೆ ಮಿಮೀ ಶೀಟ್ ಹಾಕಿದೆ. ಹಿಂದೆ ಖಾಲಿ. ಕತ್ತು ಮರದ್ದೇ, ಬೋಲ್ಟ್ ಹಾಕಿ ಕೂರಿಸಿದ್ದೇನೆ. ಒಟ್ಟು ನಾಲ್ಕೂವರೆ ಕೆಜಿ.

ನಿಜವಾದ ಕಷ್ಟ ಬೇರೆಡೆ ಇತ್ತು. ಮೊದಲ ಸಲ ಒಂದೇ ಉದ್ದಕ್ಕೆ ವೆಲ್ಡ್ ಎಳೆದೆ. ತಣ್ಣಗಾಗುತ್ತಾ ಶೀಟು ಹಪ್ಪಳದ ಹಾಗೆ ಸೊಟ್ಟಗಾಯಿತು. ಎರಡನೇ ಸಲ ಈ ಬದಿ ಒಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್), ಎದುರು ಬದಿ ಒಂದು ಟ್ಯಾಕ್, ನಡುವೆ ಆರಲು ಬಿಟ್ಟು ಮಾಡಿದೆ. ಒಂದು ಇಡೀ ಭಾನುವಾರ ಹಿಡಿಯಿತು. ಶೀಟು ನೆಟ್ಟಗೆ ನಿಂತಿತು.

ಆಮೇಲೆ ಪಿಕಪ್. ಅದರ ಅಳತೆಗೇ ತೂತು ಕೊರೆದು, ಶೀಟಿಗೇ ಸ್ಕ್ರೂ ಹಾಕಿದ್ದೆ. ನುಡಿಸಿದರೆ ಕಂಬಳಿ ಹೊದಿಸಿದಂಥ ಸದ್ದು! ಒಂದು ವಾರ ಆಂಪ್‌ನ ಮೇಲೆ ಅನುಮಾನಪಟ್ಟೆ. ತಪ್ಪು ತೂತಿನದು. ಅಷ್ಟು ಹತ್ತಿರವಿದ್ದ ಉಕ್ಕು ಅಯಸ್ಕಾಂತದ ಬಲವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ಜೊತೆಗೆ ಶೀಟಿನಲ್ಲೇ ಸಣ್ಣ ಸುಳಿ ಕರೆಂಟುಗಳು ಹುಟ್ಟಿ ಮೇಲಿನ ಸ್ವರಗಳ ಹೊಳಪನ್ನು ತಿನ್ನುತ್ತಿದ್ದವು. ಸುತ್ತಲೂ ಒಂದು ಸೆಂಟಿಮೀಟರ್ ಜಾಸ್ತಿ ಕತ್ತರಿಸಿ, ಪಿಕಪ್ಪನ್ನು ಕೆಳಗಿನ ತೇಗದ ತುಂಡಿನ ಮೇಲೆ ನಿಲ್ಲಿಸಿದೆ. ಸಣ್ಣ ತಂತಿ ಮೀಟಿದಾಗ ಗಂಟೆ ಹೊಡೆದ ಹಾಗೆ ಕೇಳಿಸಿತು. ಆ ಸಂಜೆ ಊಟಕ್ಕೆ ಏಳುವ ಮನಸ್ಸೇ ಬರಲಿಲ್ಲ. ಕಬ್ಬಿಣ ತಂತಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೂ ಒಳ್ಳೆಯದೇ, ಪಿಕಪ್‌ನಿಂದ ಮಾತ್ರ ದೂರ ಇರಬೇಕು.

ನೀವೂ ಮಾಡುವುದಾದರೆ ಜಿಐ ಶೀಟ್, ಅಂದರೆ ಸತು ಲೇಪಿಸಿದ ಶೀಟ್, ತರಬೇಡಿ. ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಜ್ವರ ಬರಿಸುತ್ತದೆ. ಇನ್ನೊಂದು, ತಂತಿಗಳ ಜೊತೆ ಇಡೀ ಬಾಡಿಯನ್ನೂ ಆಂಪ್‌ನ ಅರ್ಥಿಂಗ್‌ಗೆ ಸೇರಿಸಬೇಕು. ಗುಂಯ್‌ಗುಟ್ಟುವ ಸದ್ದು ಕಡಿಮೆಯಾಗುತ್ತದೆ. ಆದರೆ ಆಂಪ್‌ನಲ್ಲಿ ದೋಷವಿದ್ದು, ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಕರೆಂಟು ನೇರ ಈ ಕಬ್ಬಿಣಕ್ಕೆ, ಅಲ್ಲಿಂದ ನಿಮ್ಮ ಮೈಗೆ ಬರುತ್ತದೆ. ಬೇರೆಯವರ ಮನೆಗೆ ಹೋದರೆ ನಾನು ಮೊದಲು ಮೂರು ಪಿನ್ನಿನ ಸಾಕೆಟ್ಟನ್ನು ಅರ್ಥಿಂಗ್ ತೋರಿಸುವ ಸಾಕೆಟ್ ಟೆಸ್ಟರ್‌ನಲ್ಲಿ ನೋಡುತ್ತೇನೆ. ಅರ್ಥಿಂಗ್ ಸಿಗದಿದ್ದರೆ ಗಿಟಾರ್ ಬ್ಯಾಗಿನಲ್ಲೇ ಇರುತ್ತದೆ.